ನಿಧಾನ ರೀ, ನಿಧಾನ

ನಮ್ಮ ಮನೆಗೆ ಮೊದಲ ಕಾರು ಬಂದದ್ದು 2003ರಲ್ಲಿ. ಅದರಲ್ಲಿ ವೇಗ ಹೆಚ್ಚಾದರೆ ಎಚ್ಚರಿಸುವ ಯಂತ್ರವೇನೂ ಇರಲಿಲ್ಲ. ನಾನಿದ್ದೆ. ಮುಂದಿನ ಎಡಗಡೆ ಸೀಟಿನಲ್ಲಿ, ಮೂರು ವರ್ಷದ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು (ಹಾಗೆ ಕೂರಿಸಿಕೊಳ್ಳುವುದೇ ದೊಡ್ಡ ತಪ್ಪೆಂದು ಆಗ ಯಾರೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ), ಇಲ್ಲದ ಬ್ರೇಕನ್ನು ಬಲಗಾಲಿನಿಂದ ಒತ್ತುತ್ತಾ “ನಿಧಾನ ರೀ, ನಿಧಾನ” ಎನ್ನುವುದು ನನ್ನ ಕೆಲಸ. “ನೀನು ಸುಮ್ನೆ ಕೂತ್ಕೋ, ನನಗೆ ಗೊತ್ತು” ಎನ್ನುವುದು ನಮ್ಮವರ ಕೆಲಸ. ಇಪ್ಪತ್ತು ವರ್ಷ ನಾವಿಬ್ಬರೂ ನಮ್ಮ ನಮ್ಮ ಕೆಲಸವನ್ನು ಚಾಚೂ ತಪ್ಪದೆ ಮಾಡಿಕೊಂಡು ಬಂದೆವು.

ಹೋದ ವರ್ಷ ಹಳೆಯದನ್ನು ಕೊಟ್ಟು ಹೊಸ ಕಾರು ತೆಗೆದುಕೊಂಡೆವು. ನಮ್ಮ ಕೈಗೆ ಎಟುಕಿದ್ದು ಕಡಿಮೆ ಬೆಲೆಯ ಮಾದರಿ. ಅದರಲ್ಲಿ ದಾರಿ ತೋರಿಸುವ ಪರದೆ ಇರಲಿಲ್ಲ. ಬೆಂಗಳೂರಿನಿಂದ ಬಂದಿದ್ದ ಮಗ, “ಈಗೆಲ್ಲ ಅದಿಲ್ಲದೆ ಆಗಲ್ಲಪ್ಪ, ನೋಡಿ ಒಂದು ಹಾಕಿಸೋಣ” ಎಂದ. ಶನಿವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ತಂದೆ ಮಗ ಇಬ್ಬರೂ ನಡುಮನೆಯಲ್ಲಿ ಕೂತು ಚರ್ಚಿಸಿದ ಬಗೆ ನೋಡಿದರೆ, ನಮ್ಮ ಮದುವೆಗೆ ಮೊದಲು ನನ್ನನ್ನು ನೋಡಲು ಬಂದಾಗಲೂ ಇವರು ಇಷ್ಟು ವಿಚಾರಿಸಿರಲಿಲ್ಲ. ಫೋನಿನಲ್ಲೇ ನಕ್ಷೆ ನೋಡಿಕೊಳ್ಳುವುದೋ, ಬೇರೆ ಪರದೆ ಹಾಕಿಸುವುದೋ, ಇಂಟರ್ನೆಟ್ ಸಿಗದ ಕಾಡುದಾರಿಯಲ್ಲಿ ಕೆಲಸ ಮಾಡುತ್ತದೋ ಇಲ್ಲವೋ, ಕನ್ನಡದಲ್ಲಿ ಮಾತಾಡುತ್ತದೋ. ನಾನು ಅಡಿಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ. ಕೊನೆಗೆ ನಮ್ಮವರು ಆ ಪ್ರಶ್ನೆ ಕೇಳಿದರು. “ಕ್ಯಾಮೆರಾ ಎಲ್ಲಿದೆ ಅಂತ ಮೊದಲೇ ಹೇಳುತ್ತಾ? ಅದು ಮುಖ್ಯ ನೋಡು.”

ಲಟ್ಟಣಿಗೆ ಕೈಯಲ್ಲಿ ಹಿಡಿದೇ ಹೊರಗೆ ಬಂದೆ. ಈ ಬರಹ ಅಲ್ಲಿಂದ ಶುರುವಾದದ್ದು.

ಕಾರಿನೊಳಗೆ ವೇಗದ ಬಗ್ಗೆ ಮಾತಾಡುವ ಯಂತ್ರಗಳಲ್ಲಿ ಮೂರು ಬಗೆ ಇವೆ, ನಾವು ಮೂರನ್ನೂ ಒಂದೇ ಎಂದುಕೊಂಡುಬಿಡುತ್ತೇವೆ. ಒಂದು, ಕಾರಿನ ಜೊತೆಗೇ ಬರುವ ‘ಬೀಪ್’. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾದ ಎಲ್ಲ ಕಾರುಗಳಲ್ಲೂ ಇದು ಕಡ್ಡಾಯ. ಗಂಟೆಗೆ 80 ಕಿಲೋಮೀಟರ್ ದಾಟಿದರೆ ಆಗಾಗ ಕೂಗುತ್ತದೆ, 120 ದಾಟಿದರೆ ಬಿಡದೆ ಕೂಗುತ್ತದೆ. ಒಳ್ಳೆಯದೇ. ಆದರೆ ಅದಕ್ಕೆ ಕಣ್ಣಿಲ್ಲ. ಮೈಸೂರು ದಾರಿಯ ಆರು ಪಥದಲ್ಲೂ ಅದಕ್ಕೆ 80, ಸಂತೆಬೀದಿಯಲ್ಲೂ 80. ಆಸ್ಪತ್ರೆಯ ಮುಂದೆ 75ರಲ್ಲಿ ಹೋದರೆ ಅದು ತುಟಿ ಬಿಚ್ಚುವುದಿಲ್ಲ.

ಎರಡನೆಯದು, ನೀವು ಇರುವ ರಸ್ತೆಯ ಮಿತಿ ಎಷ್ಟು ಎಂದು ತಿಳಿದು ಹೇಳುವ ಜಿಪಿಎಸ್. ಆಕಾಶದ ಉಪಗ್ರಹಗಳಿಂದ ಬರುವ ಸಂಕೇತದ ಮೇಲೆ ನೀವು ಎಲ್ಲಿದ್ದೀರಿ, ಎಷ್ಟು ವೇಗದಲ್ಲಿದ್ದೀರಿ ಎಂದು ಲೆಕ್ಕ ಹಾಕಿ, ತನ್ನ ನಕ್ಷೆಯಲ್ಲಿ ಆ ರಸ್ತೆಗೆ ಬರೆದಿಟ್ಟ ಮಿತಿಯೊಡನೆ ತಾಳೆ ನೋಡುತ್ತದೆ. ಮೀರಿದರೆ ಪರದೆಯ ಮೇಲಿನ ಅಂಕಿ ಕೆಂಪಾಗುತ್ತದೆ, ಇಲ್ಲವೆ ಸದ್ದು ಮಾಡುತ್ತದೆ. 2022ರ ಜುಲೈನಲ್ಲಿ ಗೂಗಲ್‌ನವರು ಪೊಲೀಸರಿಂದ ವೇಗಮಿತಿಯ ಮಾಹಿತಿ ಪಡೆದು ನಕ್ಷೆಯಲ್ಲಿ ತೋರಿಸುತ್ತೇವೆ ಎಂದು ಹೇಳಿ ಬೆಂಗಳೂರು ಮತ್ತು ಚಂಡೀಗಢದಿಂದ ಆರಂಭಿಸಿದರು. ನಮ್ಮ ದೇಶದವರೇ ಆದ ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್‌ನಲ್ಲೂ ಈ ಅನುಕೂಲವಿದೆ.

ಮೂರನೆಯದು, ಮುಂದೆ ಪೊಲೀಸರ ಕ್ಯಾಮೆರಾ ಇದೆ ಎಂದು ಕಿವಿಯಲ್ಲಿ ಪಿಸುಗುಟ್ಟುವುದು. ನಮ್ಮ ಮನೆಯ ಗಂಡಸರಿಗೆ ಬೇಕಾದದ್ದು ಇದು. ನಿಮ್ಮ ಮನೆಯವರಿಗೂ ಇದೇ ಬೇಕು ಎಂದು ನಾನು ಪಂದ್ಯ ಕಟ್ಟುತ್ತೇನೆ.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಈ ಮೂರನೆಯ ಯಂತ್ರವನ್ನು ಚೆನ್ನಾಗಿ ಬಲ್ಲೆ. ಪ್ರತಿ ತರಗತಿಯಲ್ಲೂ ಬಾಗಿಲ ಬಳಿ ಒಬ್ಬ ಹುಡುಗ ಇರುತ್ತಾನೆ. ಒಳಗೆ ಡೆಸ್ಕಿನ ಮೇಲೆ ಕುಣಿತ, ಸೀಮೆಸುಣ್ಣದ ಯುದ್ಧ. ನನ್ನ ಚಪ್ಪಲಿಯ ಸದ್ದು ಕೇಳಿದ ಕೂಡಲೇ ಅವನು “ಏಯ್, ಮಿಸ್ಸು!” ಎನ್ನುತ್ತಾನೆ. ಒಳಗೆ ಹೋದರೆ ಐವತ್ತು ತಲೆ ಪುಸ್ತಕದ ಮೇಲೆ ಬಗ್ಗಿರುತ್ತದೆ, ಒಂದಿಬ್ಬರ ಪುಸ್ತಕ ತಲೆಕೆಳಗಾಗಿರುತ್ತದೆ ಅಷ್ಟೆ. ಆ ಹುಡುಗನಿಂದ ಯಾವ ಮಗುವೂ ಒಂದಕ್ಷರ ಕಲಿತದ್ದಿಲ್ಲ. ಹತ್ತು ವರ್ಷದ ಮಕ್ಕಳು ಹೀಗೆ ಮಾಡಿದರೆ ಕಿವಿ ಹಿಂಡುತ್ತೇವೆ. ಐವತ್ತೆಂಟು ವರ್ಷದವರು ಇದಕ್ಕಾಗಿ ದುಡ್ಡು ಕೊಟ್ಟು ಯಂತ್ರ ತರುತ್ತಾರೆ.

ಫ್ರಾನ್ಸ್ ದೇಶದವರಿಗೆ ಇದು ಅರ್ಥವಾಯಿತು. 2012ರಲ್ಲಿ ಅವರು ಕ್ಯಾಮೆರಾ ನಿಖರವಾಗಿ ಎಲ್ಲಿದೆ ಎಂದು ತೋರಿಸುವ ಯಂತ್ರಗಳನ್ನು ನಿಷೇಧಿಸಿದರು. ‘ಇದು ಅಪಾಯದ ವಲಯ’ ಎಂದು ಉದ್ದದ ಒಂದು ಭಾಗವನ್ನು ತೋರಿಸಬಹುದು, ಕಂಬವನ್ನು ತೋರಿಸುವಂತಿಲ್ಲ. ಜರ್ಮನಿಯಲ್ಲಿ ಕಾರು ಓಡಿಸುತ್ತಿರುವವರು ಇಂಥ ಎಚ್ಚರಿಕೆಯನ್ನು ಬಳಸುವುದೇ ಅಪರಾಧ. ಅಲ್ಲಿನ ಗಂಡಸರು ನಮ್ಮವರಿಗಿಂತ ಸಾಧುಗಳೆಂದು ನಾನು ಹೇಳುತ್ತಿಲ್ಲ. ಸಾಧುಗಳಾಗಿದ್ದರೆ ಕಾನೂನು ಏಕೆ ಬೇಕಾಗುತ್ತಿತ್ತು?

ಬೆಂಗಳೂರು–ಮೈಸೂರು ಹೊಸ ರಸ್ತೆಗೆ ಒಂದು ಸಲ ಹೋಗಿ ಬನ್ನಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಒಂದರ ಹಿಂದೊಂದು ಸಾವು ಕಂಡ ಮೇಲೆ, ಅದೇ ಆಗಸ್ಟ್ 1ರಿಂದ ಸ್ಕೂಟರು, ಬೈಕು, ಆಟೋಗಳನ್ನು ಮುಖ್ಯ ಪಥಕ್ಕೆ ಬಿಡುವುದನ್ನು ನಿಲ್ಲಿಸಿದರು. ಕಾರಿಗೆ ಮಿತಿ 100. ಆಮೇಲೆ ಕ್ಯಾಮೆರಾಗಳೂ ಬಂದವು. ಅಣ್ಣನ ಮಗಳ ಮದುವೆಗೆ ಮೈಸೂರಿಗೆ ಹೋಗುವಾಗ ನಾನು ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದೆ. ಕ್ಯಾಮೆರಾದ ಕಂಬ ಬರುವ ಮೊದಲು ಎಲ್ಲ ಕಾರುಗಳೂ ದೇವಸ್ಥಾನದ ಮುಂದೆ ಬಂದ ಭಕ್ತರ ಹಾಗೆ ತಲೆತಗ್ಗಿಸಿ ನಿಧಾನವಾಗುತ್ತವೆ. ಕಂಬ ದಾಟಿದ ಕೂಡಲೇ ಪ್ರಸಾದ ಸಿಕ್ಕಿದವರ ಹಾಗೆ ಓಡುತ್ತವೆ. ನಮ್ಮ ಮುಂದಿದ್ದ ಬಿಳಿಯ ಕಾರು ಹೀಗೆ ಒಮ್ಮೆಲೆ ಬ್ರೇಕ್ ಹಾಕಿದಾಗ ನಮ್ಮವರು ಅದರ ಬೆನ್ನಿಗೆ ಗುದ್ದುವುದೊಂದು ಬಾಕಿ. ಲೆಕ್ಕ ಹಾಕಿ ನೋಡಿ. ಸುಮಾರು 118 ಕಿಲೋಮೀಟರಿನ ದಾರಿಯನ್ನು 100ರಲ್ಲಿ ಹೋದರೆ 71 ನಿಮಿಷ, 120ರಲ್ಲಿ ಹೋದರೆ 59 ನಿಮಿಷ. ಉಳಿಯುವುದು 12 ನಿಮಿಷ. ಆ ಹನ್ನೆರಡು ನಿಮಿಷವನ್ನು ನಮ್ಮವರು ಮದುವೆಮನೆಯಲ್ಲಿ ಏನು ಮಾಡಿದರು ಎಂದರೆ, ಹೇಗೆ ಬೇಗ ಬಂದೆವು ಎಂದು ಷಡ್ಡಕರಿಗೆ ವಿವರಿಸಿದರು.

ಇದು ತಮಾಷೆಯ ವಿಷಯವಾಗಿಯೇ ಉಳಿದಿದ್ದರೆ ನಾನು ಲಟ್ಟಣಿಗೆ ಹಿಡಿದು ಹೊರಗೆ ಬರುತ್ತಿರಲಿಲ್ಲ.

ನಮ್ಮ ಶಾಲೆ ಇರುವುದು ಬಿ.ಎಚ್. ರಸ್ತೆಯ ಪಕ್ಕದಲ್ಲಿ. ತುಮಕೂರಿನಿಂದ ಶಿವಮೊಗ್ಗದವರೆಗೆ ಊರೂರಿಗೂ ಒಂದು ಬಿ.ಎಚ್. ರಸ್ತೆ ಇದೆ, ಬೆಂಗಳೂರು–ಹೊನ್ನಾವರ ರಸ್ತೆ ಎಂದು ಅದರ ಅರ್ಥವೆಂದು ಎಷ್ಟೋ ಜನರಿಗೆ ಮರೆತೇಹೋಗಿದೆ. ಊರಿನವರಿಗೆ ಅದು ತರಕಾರಿ ತರುವ ಬೀದಿ; ದೂರದ ಕಾರಿನವರಿಗೆ ಅದು ಹೆದ್ದಾರಿ. ಎರಡೂ ನಿಜ, ಕಷ್ಟ ಇರುವುದೇ ಅಲ್ಲಿ. ನಮ್ಮ ಗೇಟಿನ ಎದುರು ಪೆಟ್ಟಿಗೆ ಅಂಗಡಿ, ಅದರ ಪಕ್ಕ ಸದಾ ಒಂದೆರಡು ತೆಂಗಿನಕಾಯಿ ಲಾರಿ. ಮಕ್ಕಳು ಲಾರಿಯ ಮರೆಯಿಂದಲೇ ರಸ್ತೆಗೆ ಇಳಿಯಬೇಕು.

2022ರ ಜುಲೈನಲ್ಲಿ, ಸಂಜೆ ಶಾಲೆ ಬಿಟ್ಟ ಹೊತ್ತಿನಲ್ಲಿ, ನಮ್ಮ ಏಳನೆಯ ತರಗತಿಯ ಹುಡುಗಿಯೊಬ್ಬಳು ನೋಟ್‌ಬುಕ್ ಕೊಂಡು ಅಂಗಡಿಯಿಂದ ಈ ಕಡೆಗೆ ಬರುತ್ತಿದ್ದಳು. ನಾನು ಗೇಟಿನ ಹತ್ತಿರವೇ ಇದ್ದೆ. ಸದ್ದು ಕೇಳಿತು. ಆ ಸದ್ದನ್ನು ವರ್ಣಿಸುವುದು ನನಗೆ ಬೇಡ. ಹೋಗಿ ನೋಡಿದಾಗ ಮಗುವಿನ ಒಂದು ಚಪ್ಪಲಿ ಕಾರಿನ ಹಿಂದೆ, ಇನ್ನೊಂದು ಬಹಳ ದೂರದಲ್ಲಿ. ನೋಟ್‌ಬುಕ್ಕು ಮಾತ್ರ ಅವಳ ಕೈಯಲ್ಲೇ ಇತ್ತು. ಕಾರಿನಿಂದ ಇಳಿದವರು ಕೆಟ್ಟವರಲ್ಲ, ಕುಡಿದಿರಲಿಲ್ಲ. ನನ್ನ ತಮ್ಮನ ವಯಸ್ಸಿನವರು, ಹಿಂದಿನ ಸೀಟಿನಲ್ಲಿ ಹೆಂಡತಿ ಮತ್ತು ಎರಡು ಮಕ್ಕಳು. ಗಡಗಡ ನಡುಗುತ್ತಿದ್ದರು. ಅವರೇ ಮಗುವನ್ನು ಎತ್ತಿ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆತಂದರು, ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಅವರು ಹೇಳುತ್ತಿದ್ದುದು ಒಂದೇ ಮಾತು. “ಜಿಪಿಎಸ್ ಏನೂ ಹೇಳಲಿಲ್ಲ ಮೇಡಂ. ಅದು ಏನೂ ಹೇಳಲಿಲ್ಲ.” ಅವರ ಹೆಂಡತಿ ಕೊನೆಗೆ ಬಾಯಿಬಿಟ್ಟರು. “ನಾನು ಹೇಳಿದ್ದೆ.”

ಮಗು ಬದುಕಿತು. ಎಡಗಾಲಿನ ಮೂಳೆ ಎರಡು ಕಡೆ ಮುರಿದಿತ್ತು, ರಾಡು ಹಾಕಿದರು. ಆರು ತಿಂಗಳ ಮೇಲೆ ಶಾಲೆಗೆ ಬಂದಾಗ ಖೋ-ಖೋ ತಂಡದಲ್ಲಿ ಅವಳ ಜಾಗಕ್ಕೆ ಬೇರೆ ಹುಡುಗಿ ಬಂದಿದ್ದಳು. ಅಷ್ಟೆ ತಾನೆ ಎನ್ನಬಹುದು. ಅವಳ ಅಪ್ಪ ಹಮಾಲಿ, ಆರು ತಿಂಗಳು ಅರ್ಧ ದಿನ ಕೂಲಿ ಬಿಟ್ಟು ಅವಳನ್ನು ಹೊತ್ತುಕೊಂಡು ಓಡಾಡಿದ.

ಅವಳು ಮರಳಿ ಬಂದ ಮೇಲೆ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಕೆಲಸ ಮಾಡಿದರು. ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಟೇಪು ಹಿಡಿದು ಗೇಟಿನ ಮುಂದೆ ಅಳೆಸಿದರು. ಲಾರಿ ನಿಂತಿರುವಾಗ ಮಗು ರಸ್ತೆಗಿಳಿದದ್ದು ಕಾರಿನವರಿಗೆ ಎಷ್ಟು ದೂರದಿಂದ ಕಾಣುತ್ತದೆ? 32 ಮೀಟರ್. ಆಮೇಲೆ ಕಪ್ಪುಹಲಗೆಯ ಮೇಲೆ ಲೆಕ್ಕ. ನಾನು ಓದಿದ್ದು ಬಿ.ಎ., ಈ ಲೆಕ್ಕ ನನ್ನದಲ್ಲ, ಆದರೆ ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡೆ. ಕಣ್ಣು ಕಂಡದ್ದು ಕಾಲಿಗೆ ತಲುಪಲು ಒಂದು ಸೆಕೆಂಡು ಹಿಡಿಯಿರಿ, ರಸ್ತೆ ಒಣಗಿದೆ, ಬ್ರೇಕು ಚೆನ್ನಾಗಿದೆ ಎಂದು ಇಟ್ಟುಕೊಳ್ಳಿ. 40ರಲ್ಲಿ ಬಂದ ಕಾರು ಸುಮಾರು 20 ಮೀಟರಿನಲ್ಲಿ ನಿಲ್ಲುತ್ತದೆ, ಮಗು ನಗುತ್ತಾ ರಸ್ತೆ ದಾಟುತ್ತದೆ. 60ರಲ್ಲಿ ಬಂದ ಕಾರಿಗೆ ಸುಮಾರು 37 ಮೀಟರ್ ಬೇಕು, ಅದು ಮಗುವಿಗೆ ತಗಲುತ್ತದೆ, ಆದರೆ ಆ ಹೊತ್ತಿಗೆ ವೇಗ 30ರ ಆಸುಪಾಸಿಗೆ ಇಳಿದಿರುತ್ತದೆ. 80ರಲ್ಲಿ ಬಂದ ಕಾರು? ಬ್ರೇಕಿನ ಮೇಲೆ ಕಾಲಿಡುವ ಮೊದಲೇ 22 ಮೀಟರ್ ಮುಗಿದಿರುತ್ತದೆ. ಮಗುವಿಗೆ ಗುದ್ದುವಾಗ ಇನ್ನೂ 68ರ ವೇಗದಲ್ಲಿರುತ್ತದೆ. ಮೇಷ್ಟ್ರು ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದಾಗ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ನಡೆಯುವವರಿಗೆ 50ರಲ್ಲಿ ಕಾರು ಗುದ್ದುವುದಕ್ಕೂ 65ರಲ್ಲಿ ಗುದ್ದುವುದಕ್ಕೂ ಸಾವಿನ ಸಂಭವದಲ್ಲಿ ನಾಲ್ಕೂವರೆ ಪಟ್ಟು ವ್ಯತ್ಯಾಸವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ.

ಈಗ ನಮ್ಮವರ ಪ್ರಶ್ನೆಗೆ ಮರಳಿ ಬನ್ನಿ. ಕ್ಯಾಮೆರಾ ಎಲ್ಲಿದೆ ಎಂದು ಹೇಳುತ್ತದೆಯೆ? ನಮ್ಮ ಶಾಲೆಯ ಗೇಟಿನಲ್ಲಿ ಕ್ಯಾಮೆರಾ ಇಲ್ಲ. ಕ್ಯಾಮೆರಾವನ್ನಷ್ಟೇ ಹೇಳುವ ಯಂತ್ರದ ಭಾಷೆಯಲ್ಲಿ ಅಲ್ಲಿ ಏನೂ ಇಲ್ಲ. ಮುನ್ನೂರ ಐವತ್ತು ಮಕ್ಕಳು ಏನೂ ಅಲ್ಲ. ನಮ್ಮ ರಾಜ್ಯದಲ್ಲಿ ಕಾರಿನ ಅತಿವೇಗಕ್ಕೆ ದಂಡ 1000 ರೂಪಾಯಿ. ಆ ಸಾವಿರ ರೂಪಾಯಿಯನ್ನು ಕಾಯುವುದಕ್ಕೆ ಒಂದು ಯಂತ್ರ ಬೇಕು, ಮಗುವನ್ನು ಕಾಯುವುದಕ್ಕೆ ಬೇಡ.

2022ರಲ್ಲಿ ಇಡೀ ದೇಶದಲ್ಲಿ ರಸ್ತೆಯ ಮೇಲೆ ಸತ್ತವರು 1,68,491 ಜನ. ಇದು ಕೇಂದ್ರ ಸರ್ಕಾರದ ಲೆಕ್ಕ. ಅದರಲ್ಲಿ ನೂರಕ್ಕೆ ಎಪ್ಪತ್ತೊಂದು ಸಾವಿಗೆ ಕಾರಣವೆಂದು ಬರೆದಿರುವುದು ಅತಿವೇಗ. ನಡೆದು ಹೋಗುತ್ತಿದ್ದವರೇ 32,825 ಮಂದಿ. ಸತ್ತವರಲ್ಲಿ ಬಹುಪಾಲು ಗಂಡಸರು, ಅದೂ ದುಡಿಯುವ ವಯಸ್ಸಿನವರು. ಅವರ ಹಿಂದೆ ಉಳಿದ ಹೆಂಗಸರೆಷ್ಟು, ಅವರು ಏನು ಮಾಡಿಕೊಂಡಿದ್ದಾರೆ ಎನ್ನುವುದಕ್ಕೆ ಆ ವರದಿಯಲ್ಲಿ ಅಂಕಣವಿಲ್ಲ. ನನಗೆ ಗೊತ್ತಿರುವವರು ಮೂವರಿದ್ದಾರೆ. ಒಬ್ಬರು ನಮ್ಮ ಶಾಲೆಯಲ್ಲೇ ಬಿಸಿಯೂಟ ಮಾಡುತ್ತಾರೆ. ಆದ್ದರಿಂದ ಕಾರಿನ ವೇಗ ಗಂಡಸರ ವಿಷಯ, ನಮಗೇಕೆ ಎಂದು ಯಾರೂ ನನಗೆ ಹೇಳಬೇಡಿ.

ಒಂದು ಮಾತು ಕೇಳುತ್ತೇನೆ, ಪ್ರಾಮಾಣಿಕವಾಗಿ ಉತ್ತರ ಹೇಳಿ. ಕಾರಿನಲ್ಲಿ “ನಿಧಾನ” ಎಂದದ್ದಕ್ಕೆ ಬೈಸಿಕೊಳ್ಳದ ಹೆಂಗಸು ನಮ್ಮಲ್ಲಿ ಯಾರಿದ್ದಾರೆ? “ಭಯ ಆದ್ರೆ ಬಸ್ಸಲ್ಲಿ ಬಾ”, “ನೀನೇ ಓಡಿಸು ಹಾಗಾದ್ರೆ”, “ಮಾತಾಡಿಸಬೇಡ, ಗಮನ ತಪ್ಪುತ್ತೆ”. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎನ್ನುವ ಗಾದೆಯನ್ನು ನನ್ನ ಮಾವನವರು ಕಾರಿನಲ್ಲೇ ಎರಡು ಸಲ ಹೇಳಿದ್ದಾರೆ. ನಾವು ಬಾಯಿ ಮುಚ್ಚಿಕೊಂಡು ಕೂರುತ್ತೇವೆ. ನೆಂಟರ ಮುಂದೆ ಮರ್ಯಾದೆ ಹೋಗಬಾರದು, ಪ್ರವಾಸದ ದಿನ ಜಗಳ ಬೇಡ, ಮಕ್ಕಳು ಹೆದರಬಾರದು. ಅದೇ ಗಂಡಸು, ಅಂಗಡಿಯಿಂದ ತಂದ ಡಬ್ಬಿಯೊಳಗಿಂದ ಹೆಣ್ಣುದನಿಯೊಂದು ಮುಂದೆ ಎಡಕ್ಕೆ ತಿರುಗಿ ಎಂದರೆ ಗರತಿಯ ಗಂಡನಂತೆ ಎಡಕ್ಕೆ ತಿರುಗುತ್ತಾನೆ. ಕೆರೆ ಏರಿಗೆ ಹೋಗೆಂದರೆ ಕೆರೆ ಏರಿಗೆ ಹೋಗುತ್ತಾನೆ. ಆ ದನಿಗೆ ಅವನು ಎಂದೂ “ಸುಮ್ನೆ ಕೂತ್ಕೋ” ಎಂದದ್ದಿಲ್ಲ. ಅಯ್ಯೋ, ತಪ್ಪಿದೆ. ಒಂದು ವಿಷಯದಲ್ಲಿ ಅನ್ನುತ್ತಾನೆ. ವೇಗ ಹೆಚ್ಚಾಯಿತು ಎಂದು ಅದು ಹೇಳಿದ ಕೂಡಲೇ ಗುಂಡಿ ಒತ್ತಿ ಅದರ ಬಾಯಿಯನ್ನೂ ಮುಚ್ಚಿಸುತ್ತಾನೆ. ನಮ್ಮ ಸಹೋದ್ಯೋಗಿಯೊಬ್ಬರ ಯಜಮಾನರು ಹೊಸ ಕಾರು ಬಂದ ವಾರದಲ್ಲೇ ಗ್ಯಾರೇಜಿಗೆ ಹೋಗಿ ಕಡ್ಡಾಯದ ಆ ‘ಬೀಪ್’ನ ತಂತಿಯನ್ನೇ ಕತ್ತರಿಸಿಕೊಂಡು ಬಂದರು. ತಲೆನೋವಂತೆ.

ಯೂರೋಪಿನ ಒಕ್ಕೂಟದ ದೇಶಗಳಲ್ಲಿ 2024ರ ಜುಲೈನಿಂದ ಮಾರಾಟವಾಗುವ ಪ್ರತಿ ಹೊಸ ಕಾರಿನಲ್ಲೂ ರಸ್ತೆಯ ಮಿತಿ ತಿಳಿದು ಎಚ್ಚರಿಸುವ ಏರ್ಪಾಡು ಇರಲೇಬೇಕು. ಓಡಿಸುವವರು ಬೇಕೆಂದರೆ ಅದನ್ನು ಆರಿಸಬಹುದು. ಆದರೆ ಮುಂದಿನ ಸಲ ಕಾರು ಚಾಲೂ ಮಾಡಿದಾಗ ಅದು ತಾನಾಗಿ ಮತ್ತೆ ಎದ್ದು ಕೂರುತ್ತದೆ. ನಿನ್ನೆ ಬೈಸಿಕೊಂಡದ್ದನ್ನು ಮರೆತು ಇವತ್ತು ಮತ್ತೆ “ನಿಧಾನ ರೀ” ಎನ್ನುವುದು. ಇದನ್ನು ಕಂಡುಹಿಡಿದ ಎಂಜಿನಿಯರಿನ ಮನೆಯಲ್ಲಿ ಹೆಂಡತಿ ಇರಲೇಬೇಕು.

ನಮ್ಮವರು ಸುಮ್ಮನೆ ಸೋಲುವವರಲ್ಲ. ಅವರ ವಾದವನ್ನೂ ಹೇಳಬೇಕು, ಅದರಲ್ಲಿ ಹುರುಳಿಲ್ಲ ಎನ್ನಲಾರೆ. ನಕ್ಷೆಯ ಅಂಕಿ ತಪ್ಪಿರುತ್ತದೆ ಎಂದರು. ಹೌದು, ಇರುತ್ತದೆ. ಹೆದ್ದಾರಿಯ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಹೋಗುತ್ತಿದ್ದರೆ ಎಷ್ಟೋ ಸಲ ಯಂತ್ರಕ್ಕೆ ಗೊತ್ತಾಗುವುದಿಲ್ಲ, ಹೆದ್ದಾರಿಯ ಮಿತಿಯನ್ನೇ ತೋರಿಸುತ್ತದೆ. ಮೇಲ್ಸೇತುವೆಯ ಮೇಲಿದ್ದೇವೋ ಕೆಳಗಿದ್ದೇವೋ ಎಂದೂ ಗೊಂದಲ ಮಾಡಿಕೊಳ್ಳುತ್ತದೆ. ಸರಿಯಾದ ಮಿತಿ ಯಾವುದೆಂದು ದೊಡ್ಡವರಲ್ಲೇ ಒಮ್ಮತವಿಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಎಕ್ಸ್‌ಪ್ರೆಸ್ ರಸ್ತೆಗಳಲ್ಲಿ ಕಾರಿಗೆ 120ರವರೆಗೆ ಅನುಮತಿ ಕೊಟ್ಟಿತು, ಪುರಸಭೆಯ ಎಲ್ಲೆಯೊಳಗಿನ ಬೀದಿಗೂ ಗರಿಷ್ಠ 70 ಎಂದಿತು. 2021ರಲ್ಲಿ ಮದ್ರಾಸ್ ಹೈಕೋರ್ಟು ಆ ಅಧಿಸೂಚನೆಯನ್ನೇ ರದ್ದುಮಾಡಿತು. ಪುರಸಭೆಯ ಬೀದಿಯಲ್ಲಿ 70! ಆ ಅಂಕಿ ಬರೆದವರು ಯಾವ ಊರಿನ ಪುರಸಭೆಯ ಬೀದಿಯನ್ನು ನೋಡಿದ್ದರೋ. ಇರಲಿ. ಯಂತ್ರ 80 ಎಂದರೆ 80ರಲ್ಲಿ ಹೋಗಲೇಬೇಕು ಎಂದೇನೂ ಅರ್ಥವಲ್ಲವಲ್ಲ. ಊಟಕ್ಕೆ ಕೂತಾಗ ಪಾತ್ರೆಯಲ್ಲಿ ಹತ್ತು ಮುದ್ದೆ ಇದೆ ಎಂದರೆ ಹತ್ತನ್ನೂ ನುಂಗುತ್ತೀರಾ ಎಂದು ಕೇಳಿದೆ. ಅದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ವಾದ, ಪರದೆ ನೋಡುತ್ತಾ ಓಡಿಸಿದರೆ ಅದೇ ಅಪಾಯ. ಇದು ನೂರಕ್ಕೆ ನೂರು ಸರಿ. 2020ರ ಅಕ್ಟೋಬರಿನಿಂದ ನಿಯಮವೂ ಹಾಗೇ ಇದೆ: ಕೈಯ ಫೋನನ್ನು ದಾರಿ ತಿಳಿಯಲು ಮಾತ್ರ ಬಳಸಬಹುದು, ಅದೂ ಗಮನ ಕೆಡದಂತೆ. ಹಾಗಾದರೆ ಪರದೆ ಬೇಡ, ದನಿ ಸಾಕು. ಹೊರಡುವ ಮೊದಲೇ ಊರಿನ ಹೆಸರು ಬರೆದು ಇಡುವುದು, ಬದಲಾಯಿಸಬೇಕಾದರೆ ಕಾರು ನಿಲ್ಲಿಸುವುದು. ಅಥವಾ ಪಕ್ಕದಲ್ಲಿ ಕೂತವಳ ಕೈಗೆ ಕೊಡುವುದು. ಅವಳೇನು ಬರೀ ಕಿತ್ತಳೆ ಹಣ್ಣು ಸುಲಿದುಕೊಡಲು ಕೂತಿದ್ದಾಳೆಯೆ?

ಮೂರನೆಯ ವಾದ ಕೇಳಿ ನಗು ಬಂತು. ಕಾರಿನ ಮುಳ್ಳು 84 ತೋರಿಸುವಾಗ ಜಿಪಿಎಸ್ 80 ತೋರಿಸುತ್ತದೆ, ಆದ್ದರಿಂದ ಮುಳ್ಳು ಸುಳ್ಳು ಹೇಳುತ್ತದೆ, ಇಷ್ಟು ದಿನ ನೀನು ಸುಮ್ಮನೆ ಹೆದರುತ್ತಿದ್ದೆ ಎಂದರು. ಕಾರಿನ ಮುಳ್ಳು ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದು ನಿಜ. ಕಡಿಮೆ ತೋರಿಸಲೇಬಾರದೆಂದು ಹಾಗೆ ಮಾಡಿರುತ್ತಾರೆ. ಗಡಿಯಾರವನ್ನು ಐದು ನಿಮಿಷ ಮುಂದಿಟ್ಟು ಬಸ್ಸು ಹಿಡಿಯುವ ಉಪಾಯ, ಅಷ್ಟೆ. ಐದು ನಿಮಿಷ ಮುಂದಿದೆ ಎಂದು ಗೊತ್ತಾದ ಮೇಲೆ ಐದು ನಿಮಿಷ ತಡವಾಗಿ ಹೊರಡುವ ಗಂಡಸರಿಗೆ ಯಾರೇನು ಹೇಳಲಾದೀತು.

ಕೊನೆಗೆ ಆಯ್ಕೆಯಾಯಿತು. ನಾನು ಹಾಕಿದ ಷರತ್ತುಗಳನ್ನು ನಿಮಗೂ ಹೇಳುತ್ತೇನೆ, ನಿಮ್ಮ ಮನೆಯಲ್ಲಿ ಇಂಥ ಭಾನುವಾರ ಬಂದಾಗ ಚಪಾತಿ ಬಿಟ್ಟು ಹೊರಗೆ ಬಂದು ಕೇಳಿ. ರಸ್ತೆಯ ಮಿತಿಯನ್ನು ಸದಾ ತೋರಿಸುತ್ತದೆಯೆ, ಕ್ಯಾಮೆರಾ ಬಂದಾಗ ಮಾತ್ರವೆ? ಮೀರಿದರೆ ಸದ್ದು ಮಾಡುತ್ತದೆಯೆ, ಬರೀ ಬಣ್ಣ ಬದಲಾಯಿಸುತ್ತದೆಯೆ? ಬಣ್ಣ ನೋಡುವವರು ಯಾರು. ನಿಮ್ಮ ಊರಿಗೆ, ನಿಮ್ಮ ತಾಲ್ಲೂಕಿನ ರಸ್ತೆಗೆ ಮಿತಿಯ ಅಂಕಿ ಬರುತ್ತದೆಯೆ, ಇಲ್ಲ ಬೆಂಗಳೂರು ದಾಟಿದ ಕೂಡಲೇ ಖಾಲಿಯೆ? ಇದನ್ನು ಅಂಗಡಿಯವರ ಮಾತಿನ ಮೇಲೆ ನಂಬಬೇಡಿ, ಒಂದು ಸುತ್ತು ಹೋಗಿ ನೋಡಿ. ನಾವು ಹಾಗೆ ನೋಡಿಯೇ ಒಂದು ಪರದೆಯನ್ನು ವಾಪಸು ಕೊಟ್ಟೆವು. ನಕ್ಷೆ ಕಾಲಕಾಲಕ್ಕೆ ಹೊಸದಾಗುತ್ತದೆಯೆ, ಅದಕ್ಕೆ ಪ್ರತಿವರ್ಷ ಹಣ ಕೇಳುತ್ತಾರೆಯೆ? ತಪ್ಪಿದ್ದರೆ ತಿಳಿಸುವ ದಾರಿ ಇದೆಯೆ? ಕೊನೆಯ ಷರತ್ತು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಎಚ್ಚರಿಕೆಯ ದನಿಯನ್ನು ಆರಿಸುವ ಅಧಿಕಾರ ಕಾರು ಓಡಿಸುವವರಿಗಿಲ್ಲ. ಅದು ಪಕ್ಕದ ಸೀಟಿನವಳದು. ಮಗ ನಕ್ಕ, ನಮ್ಮವರು ನಗಲಿಲ್ಲ, ಆದರೆ ಒಪ್ಪಿದರು. ಈಗ ನಾವು ಇಟ್ಟುಕೊಂಡಿರುವುದು ಫೋನು, ಅದಕ್ಕೊಂದು ಗಟ್ಟಿಯಾದ ಹಿಡಿಕೆ, ಗಾಜಿಗೆ ಅಡ್ಡ ಬರದ ಹಾಗೆ ಕೆಳಗೆ. ಬೇರೆ ಪರದೆಗೆಂದು ತೆಗೆದಿಟ್ಟಿದ್ದ ದುಡ್ಡಿನಲ್ಲಿ ಹೊಸ ಟೈರು ಹಾಕಿಸಿದ್ದಾಯಿತು ಹಳೆಯ ಸ್ಕೂಟರಿಗೆ. ಅದು ನನ್ನದು.

ಮೊದಲ ವಾರವೇ ಶಾಲೆಯ ಮುಂದೆ ಹೋಗಿ ನೋಡಿದೆವು. ನಕ್ಷೆಯ ಪ್ರಕಾರ ಅಲ್ಲಿ ಮಿತಿ 80. ನಕ್ಷೆಯವರನ್ನು ಬೈದು ಫಲವಿಲ್ಲ. ಅಲ್ಲಿ ಬೇರೆ ಅಂಕಿಯ ಬೋರ್ಡು ಇದ್ದರೆ ತಾನೆ ಅವರು ಬರೆದುಕೊಳ್ಳುವುದು. ಮೋಟಾರು ವಾಹನ ಕಾಯ್ದೆಯ 112ನೆಯ ಕಲಮಿನ ಕೆಳಗೆ ಜನರ ಸುರಕ್ಷತೆಗಾಗಿ ಒಂದು ಜಾಗದ ಮಿತಿಯನ್ನು ಇಳಿಸಿ ಫಲಕ ಹಾಕಿಸುವ ಅಧಿಕಾರ ಸರ್ಕಾರಕ್ಕಿದೆ. ಕಾಯ್ದೆ 1988ರದು. ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ, ಮೇಷ್ಟ್ರ 32 ಮೀಟರಿನ ಲೆಕ್ಕವನ್ನೂ ಮಕ್ಕಳ ಕೈಯಲ್ಲಿ ಚಿತ್ರ ಬರೆಸಿ ಲಗತ್ತಿಸಿ, ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟಿದ್ದೇವೆ. 30ರ ಬೋರ್ಡು ಕೇಳಿದ್ದೇವೆ. ಸ್ವೀಕೃತಿ ಬಂದಿದೆ. ಬೋರ್ಡು ಬಂದಿಲ್ಲ. ಎರಡನೆಯ ಅರ್ಜಿಗೂ ಸ್ವೀಕೃತಿ ಬಂದಿದೆ. ನಕ್ಷೆಯವರಿಗೂ ಫೋನಿನಿಂದಲೇ ತಿಳಿಸಿದ್ದೇವೆ, ಇಲ್ಲಿ ಶಾಲೆ ಇದೆ ಎಂದು. ನಮ್ಮ ಹುಡುಗರು ಒಬ್ಬೊಬ್ಬರೂ ಅಪ್ಪಂದಿರ ಫೋನಿನಿಂದ ಕಳಿಸಿದ್ದಾರೆ.

ಆದ್ದರಿಂದ ಸದ್ಯಕ್ಕೆ ಆ ಇನ್ನೂರು ಮೀಟರಿನಲ್ಲಿ ಯಂತ್ರ ಸುಮ್ಮನಿರುತ್ತದೆ, ಅಲ್ಲಿ ಹಳೆಯ ಏರ್ಪಾಡೇ. ಮೊನ್ನೆ ಸಂಜೆ ತಿಪಟೂರಿನಿಂದ ಬರುವಾಗ ತೆಂಗಿನಕಾಯಿ ಲಾರಿ ಕಾಣುತ್ತಲೇ, ನಾನು ಬಾಯಿ ತೆರೆಯುವ ಮೊದಲೇ, ನಮ್ಮವರು ಗೇರು ಇಳಿಸಿದರು. ಬಗ್ಗಿ ನೋಡಿದೆ. 42 ಇತ್ತು.

“ಇನ್ನೂ ಹನ್ನೆರಡು ಇಳಿಸಿ” ಎಂದೆ.